ಸುಟ್ಟ ಮಣ್ಣಿನ ಬುತ್ತಿ

ಶಿವಾನಿಗೆ ತವರಿಗೆ ಹೋಗಬೇಕಾಗಿತ್ತು. ಬಂಗಾರ ಬೇಡ, ಸೀರೆ ಬೇಡ, ಗಂಡ ಕೊಡಿಸುತ್ತೇನೆ ಎಂದ ಹೊಸ ಮೊಬೈಲೂ ಬೇಡ. ದೇವಿಕೊಪ್ಪಕ್ಕೆ ಹೋಗಿ, ಅವ್ವನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿ, ಅವ್ವನ ಕೈಯಿಂದ ತಲೆಗೆ ನೀರು ಎರಕೊಂಡು, ಅಲ್ಲೇ ಬಾಣಂತನ ಮಾಡಿಸಿಕೊಳ್ಳಬೇಕು, ಅಷ್ಟೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವುದು ಇವಳೊಬ್ಬಳ ಹಟವೇನಲ್ಲ. ಧಾರವಾಡದ ಈ ಸೀಮೆಯಲ್ಲಿ ಯಾವ ಹೆಣ್ಣುಮಗಳನ್ನು ಕೇಳಿದರೂ ಅದನ್ನೇ ಹೇಳುತ್ತಾಳೆ. ಆದರೆ ಉಳಿದವರು ಒಮ್ಮೆ ಹೇಳಿ ಸುಮ್ಮನಾಗುತ್ತಾರೆ. ಇವಳು ಮೂರು ಹೊತ್ತೂ ಅದನ್ನೇ ಜಪಿಸಿ ಕುಬಿಹಾಳದ ಮನೆಯವರಿಗೆಲ್ಲ ತಲೆ ಚಿಟ್ಟು ಹಿಡಿಸಿಬಿಟ್ಟಿದ್ದಳು.

ಕುಬಿಹಾಳದ ಗಂಡನ ಮನೆಯಲ್ಲಿ ಅವಳಿಗೆ ಕಡಿಮೆಯೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಓದುವವರು ಸುಮ್ಮಸುಮ್ಮನೆ ಅತ್ತೆಯ ಮೇಲೆ ಹರಿಹಾಯುತ್ತಾರೆ. ಗಂಡ ಪ್ರತಾಪ ಹುಬ್ಬಳ್ಳಿಯಲ್ಲಿ ಲೈನ್‌ಮನ್. ಕರೆಂಟಿನ ಕಂಬವನ್ನು ಸರಸರ ಹತ್ತುವ ಆಸಾಮಿ, ಹೆಂಡತಿಯ ಕಣ್ಣಲ್ಲಿ ನೀರು ಕಂಡರೆ ಮಾತ್ರ ನಿಂತಲ್ಲೇ ಕಕ್ಕಾಬಿಕ್ಕಿ. ಅತ್ತೆ ದುರಗವ್ವನ ಬಾಯಿ ಜೋರು, ಕೈ ಧಾರಾಳ. ಬೈಯುತ್ತಲೇ ಎರಡು ರೊಟ್ಟಿ ಹೆಚ್ಚು ಹಾಕುವ ಹೆಂಗಸು. ಇಂಥ ಮನೆಯಲ್ಲಿ ಕೂತು ಹುಡುಗಿ ಅವ್ವಾ ಅವ್ವಾ ಎಂದು ಕೊರಗಿದರೆ ಏನೆನ್ನಬೇಕು? ಏನೂ ಅನ್ನಬಾರದು. ಬಸುರಿಯ ಮನಸ್ಸು ಎತ್ತ ಎಳೆಯುತ್ತದೆ ಎನ್ನುವುದು ಅವಳ ಕೈಯಲ್ಲೂ ಇರುವುದಿಲ್ಲ.

ಮೊದಮೊದಲು ದಣಿವು ಎಂದರೆ ಬಸುರಿನ ದಣಿವು ಎಂದೇ ಎಲ್ಲರೂ ತಿಳಿದರು. ಒಂದು ಕೊಡ ನೀರು ಎತ್ತಿ ಒಳಗಿಟ್ಟರೆ ಎದೆ ಡವಡವ ಎನ್ನುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮುಖ ಬಿಳಿಚಿಕೊಂಡಿತು. ದುರಗವ್ವ ಆ ಬಿಳುಪನ್ನು ನೋಡಿ, ಬಸುರಿನಲ್ಲಿ ಸೊಸೆಗೆ ಎಂಥ ಬಣ್ಣ ಬಂದಿದೆ ನೋಡಿರಿ, ಹುಟ್ಟುವ ಕೂಸು ಬೆಳ್ಳಗೆ ಬೆಣ್ಣೆಯ ಹಾಗೆ ಇರುತ್ತದೆ ಎಂದು ಓಣಿಗೆಲ್ಲ ಸಾರಿಕೊಂಡು ಬಂದಳು. ಪಾಪ, ಅವಳಿಗೇನು ಗೊತ್ತು.

ಊರಿನ ಆಶಾ ಕಾರ್ಯಕರ್ತೆ ಅಜೀಜಾಬಿ ಮಾತ್ರ ಆ ಬಣ್ಣಕ್ಕೆ ಮರುಳಾಗಲಿಲ್ಲ. ನಾಳೆ ಬಾ, ನಾಡಿದ್ದು ಬಾ ಎಂದು ಕರೆದು ಕರೆದು ಸಾಕಾಗಿ, ಒಂದು ದಿನ ಮನೆಯೊಳಗೇ ಬಂದು ಕೂತಳು. ಶಿವಾನಿ ಸೀರೆ ಬದಲಿಸುವ ತನಕ ಅಲ್ಲಾಡಲಿಲ್ಲ. ಅಲ್ಲಿಂದ ನೆಟ್ಟಗೆ ಕುಂದಗೋಳದ ದವಾಖಾನೆಗೆ ಕರೆದುಕೊಂಡು ಹೋದಳು.

ಅಲ್ಲಿಯ ಡಾಕ್ಟರು ಸಮೀಕ್ಷಾ. ಶಿವಾನಿಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಾರು. ನಗುಮುಖ, ಆದರೆ ಮಾತು ಕಡ್ಡಿ ಮುರಿದಂತೆ. ಬೆರಳು ಚುಚ್ಚಿ ರಕ್ತದ ಹಿಮೋಗ್ಲೋಬಿನ್ ನೋಡಿದಾಗ ಏಳು ಬಂತು. ಹನ್ನೊಂದಾದರೂ ಇರಬೇಕಾಗಿತ್ತಂತೆ. ರಕ್ತದಲ್ಲಿ ಕಬ್ಬಿಣ ಇಳಿದಿದೆ, ಕೂಸು ತನ್ನ ಪಾಲನ್ನು ಎಳೆದುಕೊಳ್ಳುತ್ತಿದೆ, ಅವ್ವನಿಗೆ ಉಳಿಯುತ್ತಿಲ್ಲ ಎಂದು ಅವರು ತಿಳಿಸಿ ಹೇಳಿದರು. ಹೆರಿಗೆಯ ಹೊತ್ತಿನಲ್ಲಿ ಸ್ವಲ್ಪ ಹೆಚ್ಚಿಗೆ ರಕ್ತ ಹೋದರೂ ಈ ಮೈ ತಡೆಯುವುದಿಲ್ಲ ಎಂದೂ ಹೇಳಿದರು. ಶಿವಾನಿ ಎಲ್ಲಕ್ಕೂ ತಲೆಯಾಡಿಸಿದಳು. ಕೇಳಿಸಿಕೊಂಡದ್ದು ಅರ್ಧ. ಅವಳ ನಾಲಿಗೆಯ ತುದಿಯಲ್ಲಿ ಕೂತಿದ್ದ ಪ್ರಶ್ನೆಯೇ ಬೇರೆ. ತವರು ದೇವಿಕೊಪ್ಪ ರೀ, ಕಲಘಟಗಿ ಆಚೆ, ಹೆರಿಗೆಗೆ ಅಲ್ಲಿಗೆ ಹೋಗಬಹುದಲ್ಲ ಎಂದು ಕೇಳಿಯೇಬಿಟ್ಟಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡವಾ, ಹತ್ತಕ್ಕ ಬರಲಿ, ನಾನೇ ಕಳಸ್ತೀನಿ. ಬರಲಿಲ್ಲಂದ್ರ ಹುಬ್ಬಳ್ಳಿ. ರಕ್ತ ಸಿಗೂ ದವಾಖಾನಿ ಬಾಜೂಕ ಇರಬೇಕು. ಅಡವಿ ದಂಡಿ ಊರಾಗ ನಿನ್ನ ಬಿಟ್ಟು ನಾ ಇಲ್ಲಿ ಹೆಂಗ ಕೂಡ್ಲಿ?"

ಹತ್ತು. ಶಿವಾನಿ ಆವತ್ತಿನಿಂದ ಆ ಹತ್ತರ ಬೆನ್ನು ಹತ್ತಿದಳು. ಕಬ್ಬಿಣದ ಗುಳಿಗೆ ನುಂಗಿದರೆ ಬಾಯೆಲ್ಲ ತುಕ್ಕು ತುಕ್ಕು, ಹೊಟ್ಟೆ ತೊಳಸುತ್ತಿತ್ತು, ಆದರೂ ನುಂಗಿದಳು. ಊರಿನ ಅರ್ಧ ಬಸುರಿಯರು ಆ ಗುಳಿಗೆಯನ್ನು ಹಿತ್ತಲಿಗೆ ಎಸೆದು ಅಜೀಜಾಬಿಯ ಮುಂದೆ ನುಂಗಿದೆವೆಂದು ಆಣೆ ಹಾಕುತ್ತಾರೆ, ಇವಳು ಆ ಪೈಕಿ ಅಲ್ಲ. ಲಿಂಬೆಹಣ್ಣಿನ ಪಾನಕ ಕುಡಿ ಎಂದರೆ ಕುಡಿದಳು. ಮೆಂತ್ಯ, ಹುಣಸಿಕ, ಕಿರಕಸಾಲಿ, ಸಿಕ್ಕ ಸೊಪ್ಪೆಲ್ಲ ತಿಂದಳು. ಗುಳಿಗೆಯ ಹಿಂದುಮುಂದು ಚಹಾ ಕುಡಿಯಬೇಡ ಎಂದರೆ ಚಹಾವನ್ನೇ ಬಿಟ್ಟಳು. ಈ ಸೀಮೆಯವರಿಗೆ ಚಹಾ ಬಿಡು ಎನ್ನುವುದೂ ಉಸಿರು ಬಿಡು ಎನ್ನುವುದೂ ಒಂದೇ. ಬಿಟ್ಟಳಲ್ಲ ಪುಣ್ಯಾತಗಿತ್ತಿ, ಬರೀ ತವರಿನ ಆಸೆಗೆ!

ಇಷ್ಟೆಲ್ಲ ಮಾಡಿದವಳು ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವಳು ಮಣ್ಣು ತಿನ್ನುತ್ತಿದ್ದಳು.

ಅದು ಶುರುವಾದದ್ದು ನಾಲ್ಕನೆಯ ತಿಂಗಳಿನಲ್ಲಿ. ದೇವಿಕೊಪ್ಪದ ಮನೆಯ ಗೋಡೆ ಕೆಮ್ಮಣ್ಣಿನದು. ಅವ್ವ ಸಣ್ಣವ್ವ ಹಬ್ಬ ಬಂತೆಂದರೆ ಅದಕ್ಕೆ ನೀರು ಎರಚಿ ಸಾರಿಸುತ್ತಿದ್ದಳು. ಆಗ ಬರುವ ವಾಸನೆ ಒಂದು ದಿನ ಏಕಾಏಕಿ ಶಿವಾನಿಯ ಮೂಗಿನಲ್ಲಿ ಕೂತುಬಿಟ್ಟಿತು. ಬಾಯಲ್ಲಿ ನೀರು ಬಂತು. ತಡೆಯಲಾರದೆ ಕುಬಿಹಾಳದ ಹೊಲದಿಂದ ಒಂದು ಹೆಂಟೆ ತಂದು ಕಚ್ಚಿದಳು. ಅದು ಎರೆಯ ಕರಿಮಣ್ಣು. ಹಲ್ಲಿಗೆ ಅಂಟಿಕೊಂಡು ಬಾಯೇ ತೆಗೆಯಲು ಬರದ ಹಾಗಾಯಿತು. ಥೂ ಎಂದು ಉಗುಳಿದಳು. ಬಯಕೆಯಲ್ಲೂ ಹುಡುಗಿಗೆ ತವರಿನದೇ ಆಗಬೇಕು ನೋಡಿ.

ಫೋನಿನಲ್ಲಿ ಅವ್ವನಿಗೆ ಹೇಳಿಕೊಂಡಳು. ಸಣ್ಣವ್ವ ಬೈಯಲಿಲ್ಲ, ನಕ್ಕಳು. ಆ ಊರಿನ ಹೆಂಗಸರಿಗೆ ಇದೇನು ಹೊಸದಲ್ಲ. ಬಸುರಿಯ ಬಯಕೆ ತಡೆದರೆ ಕೂಸಿನ ಕಿವಿ ಸೋರುತ್ತದೆ ಎಂದು ಅವಳ ಅವ್ವ ಅವಳಿಗೆ ಹೇಳಿದ್ದಳು, ಅವಳು ಇವಳಿಗೆ ಹೇಳಿದಳು. ಐದನೆಯ ತಿಂಗಳಿನಲ್ಲಿ, ಓಣಿಗೆ ಸುದ್ದಿ ಮಾಡದೆ ತವರವರು ಬಂದು ಮಗಳಿಗೆ ಕುಬಸ ತೊಡಿಸಿ ಹೋಗುತ್ತಾರಲ್ಲ, ಕಳ್ಳ ಕುಬಸ ಅನ್ನುತ್ತಾರೆ, ಅದಕ್ಕೆ ಬಂದ ಸಣ್ಣವ್ವ ಬುತ್ತಿಯ ಗಂಟಿನಲ್ಲಿ ಕರ್ಚಿಕಾಯಿ, ಚಕ್ಕುಲಿಗಳ ಕೆಳಗೆ ಒಂದು ಸಣ್ಣ ಡಬ್ಬಿ ಇಟ್ಟುಕೊಂಡು ಬಂದಳು. ಅದರಲ್ಲಿ ಒಲೆಯಲ್ಲಿ ಸುಟ್ಟ ಕೆಮ್ಮಣ್ಣಿನ ಚೂರುಗಳು. ದುರಗವ್ವ ಹಿತ್ತಲಿಗೆ ಹೋದಾಗ ಸರಕ್ಕನೆ ಮಗಳ ಕೈಗಿಟ್ಟಳು. ಶಿವಾನಿ ಅಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಟುಂ ಎಂದು ಮುರಿದು, ಆಮೇಲೆ ಪುಡಿಪುಡಿಯಾಗಿ ಕರಗಿತು. ಅವಳಿಗೆ ಅಳು ಬಂತು. ದೇವಿಕೊಪ್ಪವೇ ಬಾಯಿಗೆ ಬಂದ ಹಾಗಾಗಿತ್ತು.

ಆಮೇಲೆ ಡಬ್ಬಿ ಬರುವುದಕ್ಕೆ ದಾರಿಯೂ ತಾನಾಗಿ ಆಯಿತು. ಅಪ್ಪ ಕನಕಪ್ಪ ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಹತ್ತಿರ ಕೆಲಸಕ್ಕಿದ್ದ. ಬಣ್ಣ ಹಾಕಿದ ತೊಟ್ಟಿಲುಗಳನ್ನು ಟೆಂಪೋದಲ್ಲಿ ಹುಬ್ಬಳ್ಳಿಗೆ ತಂದಾಗಲೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರ ಅಳಿಯನನ್ನು ಕಂಡು, ಮಗಳಿಗೆ ಕೊಡಿರಿ ಎಂದು ಅರಿವೆ ಸುತ್ತಿದ ಡಬ್ಬಿ ಕೊಡುತ್ತಿದ್ದ. ಶೇಂಗಾ ಚಟ್ನಿ ಇರಬೇಕು ಎಂದು ಪ್ರತಾಪ ಅದನ್ನು ಬೈಕಿನ ಹ್ಯಾಂಡಲಿಗೆ ತೂಗು ಹಾಕಿಕೊಂಡು, ಅಲುಗದ ಹಾಗೆ ನಿಧಾನಕ್ಕೆ ಓಡಿಸಿಕೊಂಡು ಬರುತ್ತಿದ್ದ. ಕನಕಪ್ಪನಿಗೂ ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಅದು ಅವ್ವ ಮಗಳ ನಡುವಿನ ಮಾತು.

ಏಳು ತಿಂಗಳು ತುಂಬಿದವು. ದೊಡ್ಡ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತಾಯಿತು. ಕುಬಸ ಮುಗಿಸಿ, ಹಸಿರು ಸೀರೆ ಹಸಿರು ಬಳೆ ತೊಟ್ಟ ಮಗಳನ್ನು ಅಂದೇ ತವರಿಗೆ ಕರೆದುಕೊಂಡು ಹೋಗುವುದು ರೂಢಿ. ಅದರ ಮುಂಚಿನ ದಿನ ಶಿವಾನಿ ಕುಂದಗೋಳಕ್ಕೆ ಹೋಗಿ ಬೆರಳು ಚಾಚಿದಳು. ಏಳು. ಹೋದ ಸಲಕ್ಕಿಂತ ಒಂದು ಕೂದಲೆಳೆಯೂ ಏರಿರಲಿಲ್ಲ. ಅಜೀಜಾಬಿಗೆ ನಂಬಿಕೆಯೇ ಬರಲಿಲ್ಲ. ತನ್ನ ಕಣ್ಣೆದುರೇ ನುಂಗಿದ್ದಾಳೆ ಎಂದು ಆಕೆ ಡಾಕ್ಟರಿಗೆ ಹೇಳಿದಳು.

ಡಾಕ್ಟರು ಶಿವಾನಿಯನ್ನೇ ನೋಡುತ್ತ, ಮಣ್ಣು, ಬೂದಿ, ಬಳಪ ಏನಾದರೂ ತಿನ್ನುತ್ತೀಯಾ ಎಂದು ಕೇಳಿದರು. ಕಬ್ಬಿಣ ಇಳಿದಾಗ ಇಂಥ ಬಯಕೆ ಬರುವುದುಂಟಂತೆ. ತಿಂದ ಮಣ್ಣು ಗುಳಿಗೆಯಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡದೆ ತಾನೇ ಹಿಡಿದುಕೊಂಡು ಹೊರಗೆ ಹೋಗುತ್ತದಂತೆ. ಕಾಲೇಜು ಕಲಿತವಳು, ಓಣಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಮಣ್ಣು ತಿನ್ನುತ್ತೇನೆ ಎಂದು ಹೇಗೆ ಹೇಳಿಯಾಳು? ಛೇ, ಇಲ್ಲರಿ ಎಂದಳು.

ಹಾಗಾದರೆ ಇಲ್ಲೇ ಇರು, ಕಳಿಸುವುದಿಲ್ಲ ಎಂದರು ಡಾಕ್ಟರು.

ಮರುದಿನ ಕುಬಸವಾಯಿತು. ಓಣಿಯ ಹೆಂಗಸರು ಹಾಡಿದರು, ಉಡಿ ತುಂಬಿದರು, ಹೋಳಿಗೆ ಉಂಡರು. ಸಣ್ಣವ್ವ ಬೀಗರ ಮನೆಯ ಹೊಸ್ತಿಲು ದಾಟುವಾಗ ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಬಸ್ಸಿನ ಝಳ ಎಂದಳು. ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಊಟವಾದ ಮೇಲೆ ಒಬ್ಬಳೇ ಹೊರಟಳು. ಶಿವಾನಿ ಬಸ್ಸಿನ ತನಕ ಹೋದಳು. ಬಸ್ಸು ಬಂತು, ಸಣ್ಣವ್ವ ಎರಡೂ ಕೈಯಿಂದ ಕಂಬಿ ಹಿಡಿದು ಹತ್ತಿದಳು, ಕಿಟಕಿಯ ಹತ್ತಿರ ಜಾಗ ಸಿಗಲಿಲ್ಲ. ಗದ್ದಲದಲ್ಲಿ ಅವ್ವನ ಸೆರಗು ಮಾತ್ರ ಕಂಡಿತು. ಬಸ್ಸು ಹೋಯಿತು. ಹಸಿರು ಬಳೆಗಳ ಕೈ ಎತ್ತಿಕೊಂಡು ಶಿವಾನಿ ಅಲ್ಲೇ ನಿಂತಳು. ಜಗತ್ತಿನಲ್ಲಿ ತನ್ನಷ್ಟು ಅನಾಥೆ ಯಾರೂ ಇಲ್ಲ ಎಂದು ಅವಳಿಗೆ ಅನ್ನಿಸಿತು. ಗಂಡ, ಅತ್ತೆ, ಹೊಟ್ಟೆಯಲ್ಲಿ ಒದೆಯುವ ಕೂಸು ಎಲ್ಲ ಇದ್ದೂ ಅನ್ನಿಸಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಡಬ್ಬಿ ತೆಗೆದಳು. ಒಂದು ಚೂರು, ಇನ್ನೊಂದು ಚೂರು ಎಂದು ಎಲ್ಲವನ್ನೂ ತಿಂದಳು. ತಿನ್ನುತ್ತ ತಿನ್ನುತ್ತ ಅತ್ತಳು. ಈ ರುಚಿ ಬಾಯಲ್ಲಿ ಇರುವ ತನಕ ಆ ಊರಿಗೆ ತಾನು ಹೋಗುವ ಹಾಗಿಲ್ಲ ಎಂಬುದು ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಆಗಲೇ ಅವಳಿಗೆ ಹೆದರಿಕೆಯಾಯಿತು. ಇದು ತನ್ನೊಬ್ಬಳಿಂದ ಆಗುವ ಕೆಲಸವಲ್ಲ ಎಂದು ತಿಳಿಯಿತು.

ಮಾರನೆಯ ದಿನ ಪ್ರತಾಪನನ್ನು ಕರೆದುಕೊಂಡು ತಾನೇ ಡಾಕ್ಟರ ಮುಂದೆ ಹೋಗಿ ಕೂತಳು. ಮೊನ್ನೆ ಸುಳ್ಳು ಹೇಳಿದೆ, ಮಣ್ಣು ತಿನ್ನುತ್ತೇನೆ, ಬಿಡಲು ಆಗುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ಬೈಯಲಿಲ್ಲ. ಎಲ್ಲಿಂದ ತರುತ್ತೀ ಎಂದಷ್ಟೇ ಕೇಳಿದರು. ತವರಿನಿಂದ ಡಬ್ಬಿಯಲ್ಲಿ ಬರುತ್ತದೆ ಎಂದಾಗ ಪ್ರತಾಪನ ಮುಖ ನೋಡಬೇಕಾಗಿತ್ತು. ಆ ಡಬ್ಬಿಯನ್ನು ಚೆಲ್ಲದ ಹಾಗೆ ಜೋಪಾನವಾಗಿ ಹೊತ್ತು ತಂದವನು ತಾನೇ ಅಲ್ಲವೇ? ಹೊರಗೆ ಬಂದ ಮೇಲೆ ಅವನು ಬೇವಿನ ಗಿಡದ ಕೆಳಗೆ ಕೂತುಬಿಟ್ಟ. ಆಮೇಲೆ, ಚಟ್ನಿ ಒಂದು ದಿನಾನೂ ನನಗ ಹಾಕಲಿಲ್ಲಲ್ಲ ಅಂತ ಸಿಟ್ಟಾಗಿದ್ದೆ ಎಂದ. ಶಿವಾನಿ ಅಳುವುದರ ನಡುವೆ ನಕ್ಕಳು.

ಗುಳಿಗೆಯ ಕಾಲ ಮುಗಿದಿತ್ತು. ಸಲಾಯಿನ್‌ನಲ್ಲಿ ಕಬ್ಬಿಣದ ಔಷಧ ಹಾಕಿ ನರದೊಳಗೇ ಬಿಡತೊಡಗಿದರು. ಕಂದು ಬಣ್ಣದ ಆ ನೀರು ಹನಿಹನಿಯಾಗಿ ಇಳಿಯುವಾಗ ಶಿವಾನಿ ಕಣ್ಣು ಮುಚ್ಚಿಕೊಂಡು ದೇವಿಕೊಪ್ಪಕ್ಕೆ ಹೋಗಿ ಬರುತ್ತಿದ್ದಳು. ಈಗ ಅವ್ವ ಭತ್ತ ಒಣಹಾಕುತ್ತಿರಬೇಕು. ಈಗ ಎಮ್ಮೆಗೆ ನೀರು. ಈಗ ಕಟ್ಟಿಗೆ ಹೊರೆ ಇಳಿಸಿ ಕಟ್ಟೆಗೆ ಒರಗಿ ನಿಂತಿರಬೇಕು.

ಅವ್ವನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಸುತ್ತಿ ಬಳಸಿ ಹೇಳಿದಳು, ಮಣ್ಣು ಕಳಿಸಬೇಡ, ಅದರಿಂದಲೇ ರಕ್ತ ಏರಿಲ್ಲವಂತೆ ಎಂದಳು. ಲೈನು ಕಡಿದು ಹೋಯಿತೇನೋ ಎಂದು ಶಿವಾನಿ ಫೋನು ತಿರುಗಿಸಿ ನೋಡಿದಳು.

"ಹಂಗಾದ್ರ ನಿನ್ನ ಬರಗೊಡದಾಕಿ ನಾನ ಆದ್ನಲ್ಲ," ಎಂದಳು ಸಣ್ಣವ್ವ.

ಹಾಗಲ್ಲ ಯವ್ವಾ ಎಂದು ಮಗಳು ಎಷ್ಟು ಹೇಳಿದರೂ ಅವ್ವ ಆ ಮಾತಿನಿಂದ ಈಚೆ ಬರಲಿಲ್ಲ. ಮುಂದಿನ ಸಲ ಡಬ್ಬಿಯಲ್ಲಿ ಉತ್ತತ್ತಿ, ಬೆಲ್ಲ, ಎಳ್ಳುಂಡಿ ಬಂದವು. ಪ್ರತಾಪ ಹುಬ್ಬಳ್ಳಿಯಲ್ಲೇ ಮುಚ್ಚಳ ತೆಗೆದು ಪರೀಕ್ಷೆ ಮಾಡಿ, ಎರಡು ಉಂಡಿ ತಾನು ತಿಂದು, ಉಳಿದದ್ದನ್ನು ತಂದ.

ಮಣ್ಣಿನ ಆಸೆ ಮೆಲ್ಲಗೆ ಸತ್ತಿತು. ಸಾಯುತ್ತದೆ ಎಂದು ಡಾಕ್ಟರು ಹೇಳಿದ್ದರು, ಶಿವಾನಿ ನಂಬಿರಲಿಲ್ಲ. ಆದರೆ ಅದು ಹೋದಷ್ಟೂ ಅವ್ವನ ಆಸೆ ಹೆಚ್ಚಿತು. ಮೊದಲು ಒಂದು ಚೂರು ಕಡಿದರೆ ಒಂದು ಗಳಿಗೆಯಾದರೂ ಊರು ಸಿಗುತ್ತಿತ್ತು. ಈಗ ಅದೂ ಇಲ್ಲ. ರೊಟ್ಟಿ ತಿನ್ನುತ್ತ ತಿನ್ನುತ್ತ ಸುಮ್ಮನೆ ಕೂತುಬಿಡುತ್ತಿದ್ದಳು. ದುರಗವ್ವ ಒಂದು ದಿನ ತಡೆಯಲಾರದೆ, ನಾನೇನು ನಿನ್ನನ್ನು ಕಟ್ಟಿಹಾಕಿದ್ದೇನೆಯೇ, ಹೋಗವ್ವ ಹೋಗು, ನಿಮ್ಮವ್ವನ ಕೈಯ ರೊಟ್ಟಿಗೆ ಅದೇನು ಸಕ್ಕರೆ ಸುರಿದಿರುತ್ತಾಳೋ ನೋಡಿಕೊಂಡು ಬಾ ಎಂದಳು. ಸಿಟ್ಟಿನಲ್ಲಿ ಅಂದದ್ದಲ್ಲ. ಅವಳೂ ಒಂದು ಕಾಲಕ್ಕೆ ತವರು ಬಿಟ್ಟು ಬಂದವಳೇ.

ಒಂಬತ್ತನೆಯ ತಿಂಗಳಿನ ಹೊಸ್ತಿಲಲ್ಲಿ ಹತ್ತು ಬಂತು.

ಡಾಕ್ಟರು ಮಷೀನನ್ನು ಶಿವಾನಿಯ ಕಡೆಗೇ ತಿರುಗಿಸಿ ತೋರಿಸಿದರು. ಕಲಘಟಗಿ ದವಾಖಾನೆಗೆ ನಾನೇ ಫೋನು ಮಾಡಿ ಹೇಳುತ್ತೇನೆ, ಅಲ್ಲಿ ತೋರಿಸಿಕೊಂಡು ತವರಿನಲ್ಲಿರು, ಹೆರಿಗೆಗೆ ಮಾತ್ರ ದವಾಖಾನೆಗೇ ಹೋಗಬೇಕು ಎಂದರು. ಶಿವಾನಿಗೆ ಅವರ ಕಾಲು ಮುಟ್ಟಬೇಕು ಎನ್ನಿಸಿತು, ಹೊಟ್ಟೆ ಬಗ್ಗಗೊಡಲಿಲ್ಲ. ಹೊರಗೆ ಬಂದವಳೇ ಅವ್ವನಿಗೆ ಫೋನು ಮಾಡಿದಳು. ಮುಂದಿನ ವಾರ ಕೊನೆಯ ಸಲಾಯಿನ್ ಮುಗಿಸಿ ಅಲ್ಲಿಂದಲೇ ಹೊರಡುವುದು ಎಂದಾಯಿತು. ಆ ವಾರವೆಲ್ಲ ಅವಳು ಗಾಳಿಯಲ್ಲೇ ಇದ್ದಳು. ಚೀಲ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಅವ್ವ ಪಡಸಾಲೆ ಸಾರಿಸಿದ್ದಾಳಂತೆ, ಎರೆಯಲು ಹೊಸ ಹಂಡೆ ತಂದಿದ್ದಾಳಂತೆ, ಬಾಣಂತಿಗೆಂದು ಅಡವಿಯಿಂದ ಕಟ್ಟಿಗೆ ತಂದು ಹಿತ್ತಲು ತುಂಬ ಒಟ್ಟಿದ್ದಾಳಂತೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿದಳು.

ಆ ದಿನ ಸಣ್ಣವ್ವ ಬಸ್ಸಿಳಿದು ನೆಟ್ಟಗೆ ದವಾಖಾನೆಗೇ ಬಂದಳು. ಶಿವಾನಿ ವರಾಂಡದಲ್ಲಿ ಕಾಯುತ್ತಿದ್ದಳು. ಗೇಟಿನಲ್ಲಿ ಅವ್ವ ಕಂಡಳು. ಆಮೇಲೆ ಬಹಳ ಹೊತ್ತು ಅವ್ವ ಬರಲೇ ಇಲ್ಲ. ಅಂಗಳ ದೊಡ್ಡದೇನೂ ಅಲ್ಲ. ಸಣ್ಣವ್ವ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದಳು, ಸೆರಗಿನಿಂದ ಮುಖ ಒರೆಸುತ್ತಿದ್ದಳು, ಯಾರೋ ಪರಿಚಯದವರನ್ನು ಹುಡುಕುವವಳ ಹಾಗೆ ಅತ್ತಿತ್ತ ನೋಡಿ ಮತ್ತೆ ನಡೆಯುತ್ತಿದ್ದಳು. ಮೆಟ್ಟಿಲು ಹತ್ತಿ ಬಂದವಳು ಮಗಳನ್ನು ಮುಟ್ಟುವ ಮೊದಲೇ ನೆಲಕ್ಕೆ ಕೂತುಬಿಟ್ಟಳು. ಉಸಿರು ಹುಸ್ ಹುಸ್ ಎನ್ನುತ್ತಿತ್ತು. ಅವ್ವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ತುಟಿ ಯಾವುದು, ಕೆನ್ನೆ ಯಾವುದು ತಿಳಿಯುವಂತಿರಲಿಲ್ಲ.

ಆ ಬಿಳುಪು ಯಾವುದು ಎಂಬುದು ಶಿವಾನಿಗೆ ಈಗ ಗೊತ್ತಿತ್ತು. ಐದು ತಿಂಗಳು ಕನ್ನಡಿಯಲ್ಲಿ ನೋಡಿದ್ದಳು. ಅವಳು ಒಳಗೆ ಹೋಗಿ ಡಾಕ್ಟರನ್ನು ಕೈಹಿಡಿದು ಎಳೆದುಕೊಂಡೇ ಬಂದಳು.

ಸಣ್ಣವ್ವ ಬ್ಯಾಡ್ರಿ ಬ್ಯಾಡ್ರಿ ಎಂದರೂ ಕೇಳದೆ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬೆರಳು ಚುಚ್ಚಿದರು. ಐದೂವರೆ. ಡಾಕ್ಟರು ಇನ್ನೊಂದು ಬೆರಳು ಚುಚ್ಚಿ ನೋಡಿದರು. ಅದೇ ಬಂತು. ಇಷ್ಟು ರಕ್ತ ಇಟ್ಟುಕೊಂಡು ಈ ಹೆಂಗಸು ಕಟ್ಟಿಗೆ ಹೊತ್ತದ್ದು ಹೇಗೆ, ಬಸ್ಸು ಬದಲಿಸಿ ಇಲ್ಲಿಯ ತನಕ ಬಂದದ್ದು ಹೇಗೆ ಎಂದು ಅವರು ನರ್ಸನ್ನು ಕೇಳಿದರು. ನರ್ಸಿಗೆ ಏನು ಗೊತ್ತು.

ನೀವೂ ಮಣ್ಣು ತಿನ್ನುತ್ತೀರಾ ಎಂದು ಕೇಳಿದಾಗ ಸಣ್ಣವ್ವ ತಲೆ ತಗ್ಗಿಸಿದಳು.

"ಈಕಿ ಹೊಟ್ಟ್ಯಾಗಿದ್ದಾಗ ಹತ್ತಿದ ಚಟರಿ. ಬಿಟ್ಟಿಲ್ಲ."

ಶಿವಾನಿಗೆ ಇಪ್ಪತ್ಮೂರು ವರ್ಷ. ಅಷ್ಟೂ ವರ್ಷ ಅವ್ವ ಹೊರೆ ಇಳಿಸಿ ಕಟ್ಟೆಗೆ ಒರಗಿ ನಿಲ್ಲುತ್ತಿದ್ದದ್ದನ್ನು ಅವಳು ನೋಡಿದ್ದಳು. ಅವ್ವ ಎಂದರೆ ಹಾಗೆ ನಿಲ್ಲುವವಳು ಎಂದೇ ತಿಳಿದಿದ್ದಳು. ಬಾಯಿ ಬಿಟ್ಟು ಒಂದು ದಿನ ಆಕೆ ಸಾಕಾಯಿತು ಅಂದವಳಲ್ಲ. ಮಗಳ ಬಯಕೆ ಎಂದು ಕಳಿಸಿದ್ದು ತಾನು ಉಣ್ಣುವ ಬುತ್ತಿಯಲ್ಲೇ ಒಂದು ಪಾಲು.

ರಕ್ತ ಹಾಕಲೇಬೇಕು, ಇವತ್ತೇ ಹುಬ್ಬಳ್ಳಿಗೆ ಸೇರಿಸಬೇಕು ಎಂದರು ಡಾಕ್ಟರು. ಸಣ್ಣವ್ವ ಒಪ್ಪಲಿಲ್ಲ. ಗುಳಿಗೆ ಬರೆದುಕೊಡಿರಿ, ಮನೆಯಲ್ಲಿ ನುಂಗುತ್ತೇನೆ, ಮೊದಲು ಮಗಳ ಬಾಣಂತನ ಮುಗಿಯಲಿ, ಆಮೇಲೆ ಬೇಕಾದರೆ ಬರುತ್ತೇನೆ ಎಂದು ಪಟ್ಟು ಹಿಡಿದಳು. ಗಂಡ ಎಮ್ಮೆ ನೋಡಿಕೊಂಡು ಕೂತಿದ್ದಾನೆ, ಎರಡೂವರೆಯ ಬಸ್ಸು ತಪ್ಪಿದರೆ ಮುಂದೆ ತೊಂದರೆ ಎಂದು ಎದ್ದೇ ನಿಂತಳು. ನಿಂತವಳು ಗೋಡೆ ಹಿಡಿದಳು. ಆದರೂ ಇನ್ನೊಂದು ಕೈ ಮಗಳ ಚೀಲಕ್ಕೆ ಹೋಯಿತು.

ಶಿವಾನಿ ಆ ಚೀಲವನ್ನು ನೋಡಿದಳು. ಆ ಕೈ ಇನ್ನು ಮೂರು ತಿಂಗಳು ಏನೇನು ಮಾಡಲಿದೆ ಎನ್ನುವುದು ಒಂದೊಂದಾಗಿ ಕಣ್ಣಿಗೆ ಬಂತು. ಆ ಹೊಸ ಹಂಡೆಗೆ ನೀರು ಹೊರಬೇಕು. ಆ ಕಟ್ಟಿಗೆ ಒಡೆಯಬೇಕು. ತನ್ನನ್ನು ಎರೆಯಬೇಕು, ಕೂಸನ್ನು ಎರೆಯಬೇಕು, ಮೈ ತಿಕ್ಕಬೇಕು, ಹೊಗೆ ಹಾಕಬೇಕು, ಅರಿವೆ ಒಗೆಯಬೇಕು. ತಾನು ಕಾಲು ಚಾಚಿ ಮಲಗಿರುತ್ತಾಳೆ. ಎಷ್ಟು ಆಸೆಪಟ್ಟಿದ್ದಳು ಅದಕ್ಕೆ! ಈಗಲೂ ಆಸೆ ಹೋಗಿರಲಿಲ್ಲ.

"ನಾ ಬರೂದಿಲ್ಲಬೇ," ಎಂದಳು.

ಸಣ್ಣವ್ವನಿಗೆ ಅರ್ಥವಾಗಲಿಲ್ಲ. ಆಮೇಲೆ ಅವಳ ಮುಖ ಸಣ್ಣದಾಯಿತು. "ಮಣ್ಣ ಕೊಟ್ನೆಂತ ಸಿಟ್ಟೇನು?"

"ಹೌದು, ಸಿಟ್ಟೈತಿ. ಇಷ್ಟ ದಿನ ಹಿಂಗ ನಡದಾಡಿದೀ, ಯಾರಿಗೂ ಒಂದು ಮಾತ ಹೇಳಲಿಲ್ಲ. ನೀ ಹೋದ್ರ ನನಗ ತವರು ಎಲ್ಲೈತಿಬೇ?"

ಇಷ್ಟು ಹೇಳಿ ಶಿವಾನಿ ಬಿಕ್ಕಿ ಬಿಕ್ಕಿ ಅತ್ತಳು. ವರಾಂಡದಲ್ಲಿ ಕೂತ ಬಸುರಿಯರೆಲ್ಲ ತಿರುಗಿ ನೋಡಿದರು. ಸಣ್ಣವ್ವ ಚೀಲ ಬಿಟ್ಟು ಮಗಳ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಡಾಕ್ಟರು ಹೇಳಿದ ಗಾಡಿ ಹತ್ತಿದಳು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಸಂಜೆಯೊಳಗೆ ಜಾಗ ಸಿಕ್ಕಿತು. ಪ್ರತಾಪ ಕೆಲಸದಿಂದ ನೆಟ್ಟಗೆ ಓಡಿಬಂದು, ಕೇಳುವ ಮೊದಲೇ ತೋಳು ಮಡಚಿ ರಕ್ತ ಕೊಟ್ಟು, ಅಲ್ಲಿಯವರು ತನಗೆ ಕೊಟ್ಟ ಬಾಳೆಹಣ್ಣನ್ನು ಹೆಂಡತಿಗೆ ತಿನ್ನಿಸಿದ. ಮರುದಿನ ಬೆಳಿಗ್ಗೆ ದುರಗವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಬೀಗತಿ ಗುಣವಾದ ಮೇಲೆ ನೆಟ್ಟಗೆ ಕುಬಿಹಾಳಕ್ಕೇ ಬರಲಿ, ಎರಡೂ ಬಾಣಂತನ ಒಂದೇ ಸಲ ಮಾಡುತ್ತೇನೆ, ಬೀಗರ ಮನೆಯಲ್ಲಿ ಉಳಿದಳೆಂದು ಯಾರಾದರೂ ಬಾಯಿ ಬಿಟ್ಟರೆ ಅವರ ಬಾಯಿಗೆ ಈ ರೊಟ್ಟಿ ತುರುಕುತ್ತೇನೆ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದಳು. ಸಣ್ಣವ್ವ ನಾಚಿಕೆಯಿಂದ ಮುದುಡಿದಳು.

ಹಗಲು ಹೊತ್ತಿನಲ್ಲಿ, ನಾಲ್ಕು ಮಂದಿಯ ಎದುರು ಮಲಗುವುದು ಅವಳಿಗೆ ತಡೆಯಲಾಗದ ಸಂಕಟ. ಎರಡನೆಯ ಬಾಟಲಿ ಅರ್ಧ ಇಳಿದಿತ್ತು. ತುಟಿಗೆ ಸಣ್ಣಗೆ ಬಣ್ಣ ಬರುತ್ತಿತ್ತೋ, ಮಗಳ ಕಣ್ಣಿಗೆ ಹಾಗೆ ಕಾಣುತ್ತಿತ್ತೋ. ಮಂಚದ ಬಾಜೂಕೆ ಸ್ಟೂಲಿನ ಮೇಲೆ ದೊಡ್ಡ ಹೊಟ್ಟೆ ಹೊತ್ತು ಕೂತ ಮಗಳನ್ನು ನೋಡಿ ನೋಡಿ, ನೀ ಬಂದು ಇಲ್ಲಿ ಮಲಗು, ನಾ ಕೂಡುತ್ತೇನೆ ಎಂದು ಸಣ್ಣವ್ವ ಪೀಡಿಸುತ್ತಿದ್ದಳು. ಶಿವಾನಿ ಅವಳ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ಅವ್ವನ ಹಿಮ್ಮಡಿ ಇಷ್ಟು ಒಡೆದಿದೆ ಎಂದು ಅವಳಿಗೆ ಇವತ್ತೇ ಗೊತ್ತಾದದ್ದು.

ಹೊಸ ಪಾಳಿಯ ನರ್ಸು ಒಂದೊಂದೇ ಮಂಚ ನೋಡುತ್ತ ಬಂದಳು. ಇವರ ಹತ್ತಿರ ಬಂದು ಒಮ್ಮೆ ಹೊಟ್ಟೆಯನ್ನೂ ಒಮ್ಮೆ ಮಂಚವನ್ನೂ ನೋಡಿ, ಇಬ್ಬರೊಳಗೆ ಪೇಶಂಟ್ ಯಾರು ಎಂದು ಕೇಳಿದಳು.

ಸಣ್ಣವ್ವ ಗಡಬಡಿಸಿ ಏಳಲು ಹೋದಳು. ಆಕೀನ್ರಿ, ತುಂಬಿದ ಬಸುರಿ, ಆಕೀನ ನೋಡ್ರಿ ಎಂದಳು.

ಶಿವಾನಿ ಅವಳ ಭುಜ ಹಿಡಿದು ಮೆಲ್ಲಗೆ ದಿಂಬಿಗೆ ಒರಗಿಸಿದಳು. "ಈಕೀರಿ, ನಮ್ಮವ್ವ," ಎಂದಳು. "ನಾ ಈಕಿ ಕಡೆಯಾಕಿ."